ಹಳೆಯ ಕಾರಿನ ಹಿಂಬದಿಯ ಸದ್ದು

ಸಿಂಧನೂರಿನಿಂದ ಮಸ್ಕಿಯ ಮಾರ್ಗವಾಗಿ ಲಿಂಗಸುಗೂರಿಗೆ ಹೋಗುವ ರಸ್ತೆ ಎರೆಭೂಮಿಯನ್ನು ಹಾಯ್ದು ಸಾಗುತ್ತದೆ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಈ ಮಣ್ಣಿನ ಮೇಲೆ ಡಾಂಬರು ಬಹುಕಾಲ ಸಮತಟ್ಟಾಗಿ ಉಳಿಯದು. 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನು ನೋಡಲು ಮಕ್ಕಳೊಡನೆ ಮಸ್ಕಿಗೆ ಹೊರಟ ಗೃಹಸ್ಥರ ಹಳೆಯ ಅಂಬಾಸಿಡರು ಹಿಂಬದಿಯಲ್ಲಿ ಟಕಟಕನೆ ಸದ್ದು ಮಾಡತೊಡಗಿತೆಂದರೆ, ಕಮಾನು ಮುರಿಯಿತೆಂದೇ ಅವರು ಗಾಬರಿಗೊಳ್ಳುವರು. ಅನೇಕ ವೇಳೆ ಕಮಾನು ಗಟ್ಟಿಯಾಗಿಯೇ ಇರುತ್ತದೆ. ಅದರ ತುದಿಯ ಕಣ್ಣುಗಳಲ್ಲಿ ಕುಳಿತ ರಬ್ಬರಿನ ಬುಷ್ಷು ಸವೆದಿರುತ್ತದೆ.

ಹಾಗೆಂದು ಉದಾಸೀನ ಸಲ್ಲದು. 2014ರಲ್ಲಿ ತಯಾರಿಕೆ ನಿಂತುಹೋದ ಈ ಗಾಡಿಯ ಹಿಂದಿನ ಇರುಸನ್ನು ಅದರ ಸ್ಥಾನದಲ್ಲಿ ಹಿಡಿದಿರುವವು ಆ ಎರಡು ಕಮಾನುಗಳೇ. ಬುಷ್ಷು ಸಡಿಲಿದರೆ ಇರುಸು ಓರೆಯಾಗಿ, ಎದುರಿನಿಂದ ಬರುವ ಭತ್ತದ ಲಾರಿಗೆ ದಾರಿ ಬಿಡುವಾಗ ಗಾಡಿಯ ಹಿಂಭಾಗ ಪಕ್ಕಕ್ಕೆ ತೂಗುತ್ತದೆ.

ಬುಷ್ಷುಗಳನ್ನು ಎರಡೂ ಪಕ್ಕಕ್ಕೆ ಒಮ್ಮೆಗೇ ಬದಲಿಸುವುದು ಲೇಸು. ಸುಲಭವಾಗಿ ಜಾರಲೆಂದು ಎಂಜಿನ್ ಎಣ್ಣೆ ಸವರುವುದುಂಟು. ಅದರಿಂದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಸಾಬೂನಿನ ನೀರು ಸಾಕು. ಇದಕ್ಕೂ ದೊಡ್ಡ ಪ್ರಮಾದವೆಂದರೆ, ಗಾಡಿ ಮೇಲೆತ್ತಿ ಚಕ್ರಗಳು ಜೋತುಬಿದ್ದಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದುಬಿಡುವುದು. ಆ ಸ್ಥಿತಿಯಲ್ಲಿ ಹಿಡಿತಕ್ಕೆ ಸಿಕ್ಕಿದ ರಬ್ಬರು ಗಾಡಿ ನೆಲಕ್ಕಿಳಿದೊಡನೆ ತಿರುಚಿಕೊಳ್ಳುತ್ತದೆ. ಹಗಲಿರುಳೂ ಹಾಗೆಯೇ ಇದ್ದು ಅಕಾಲದಲ್ಲಿ ಹರಿಯುತ್ತದೆ. ಆಗ ಬಡಪಾಯಿ ಅಂಗಡಿಯವನು ಕಳಪೆ ಮಾಲು ಕೊಟ್ಟನೆಂಬ ಅಪವಾದ! ಬೋಲ್ಟನ್ನು ಮೊದಲು ಹಗುರವಾಗಿ ಹಿಡಿಸಿ, ಗಾಡಿಯನ್ನು ಇಳಿಸಿ, ಅದರ ಭಾರವೆಲ್ಲ ಚಕ್ರಗಳ ಮೇಲೆ ಕುಳಿತ ಬಳಿಕವೇ ಬಿಗಿಯತಕ್ಕದ್ದು. ಮೇಸ್ತ್ರಿಯ ಪಕ್ಕದಲ್ಲಿ ನಿಂತು ಈ ಒಂದು ಮಾತನ್ನು ಹೇಳಲು ಯಜಮಾನರು ಸಂಕೋಚಪಡಬೇಕಾಗಿಲ್ಲ.