ಉಣ್ಣೆಯೊಳಗಿನ ಮಾತಿಗೆ ಬೆಲೆಚೀಟಿ

ಐರ್ಲೆಂಡಿನ ಪಶ್ಚಿಮ ತೀರದಾಚೆ ಇರುವ ಅರಾನ್ ದ್ವೀಪಗಳ ಸ್ವೆಟರನ್ನು ಮಾರುವವರು ಅದರೊಂದಿಗೆ ಒಂದು ಕಥೆಯನ್ನೂ ಮಾರುತ್ತಾರೆ. ಅಲ್ಲಿನ ಪ್ರತಿಯೊಂದು ಮನೆತನಕ್ಕೂ ತನ್ನದೇ ಆದ ಹೆಣಿಗೆಯ ವಿನ್ಯಾಸವಿತ್ತಂತೆ. ಕಡಲಿಗೆ ಹೋದ ಮೀನುಗಾರ ಮುಳುಗಿ, ದಿನಗಳು ಕಳೆದ ಮೇಲೆ ಹೆಣ ದಡ ಸೇರಿದಾಗ ಮೈಮೇಲಿನ ಸ್ವೆಟರನ್ನು ನೋಡಿಯೇ ಇವನು ಇಂಥ ಮನೆಯವನೆಂದು ಗುರುತಿಸುತ್ತಿದ್ದರಂತೆ. ಹೊಸೆದ ಹಗ್ಗದಂಥ ಪಟ್ಟಿ ಮೀನುಗಾರರ ಹಗ್ಗವನ್ನೂ, ವಜ್ರಾಕೃತಿ ದ್ವೀಪದ ಪುಟ್ಟ ಹೊಲಗಳನ್ನೂ, ಜೇನುಗೂಡಿನ ವಿನ್ಯಾಸ ಬಿಡುವಿಲ್ಲದ ದುಡಿಮೆಯನ್ನೂ ಸೂಚಿಸುತ್ತದೆಂದು ಬರೆದ ಚೀಟಿ ಸ್ವೆಟರಿನ ಕುತ್ತಿಗೆಗೆ ತೂಗುತ್ತಿರುತ್ತದೆ. ಕಥೆ ಸೊಗಸಾಗಿಯೇ ಇದೆ. ಆದರೆ ಹೆಣಿಗೆಯ ಚರಿತ್ರೆಯನ್ನು ಕೆದಕಿದವರಿಗೆ ಅದಕ್ಕೆ ಆಧಾರ ದೊರೆತಿಲ್ಲ. ನಾವು ಇಂದು ಅರಾನ್ ಸ್ವೆಟರೆಂದು ಕರೆಯುವ ಉಡುಪು ರೂಪುಗೊಂಡದ್ದೇ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ಅದರ ವಿನ್ಯಾಸಗಳಿಗೆ ಪುರಾತನವಾದ, ಪವಿತ್ರವಾದ ಅರ್ಥಗಳಿವೆ ಎಂಬ ಮಾತನ್ನು ಹಬ್ಬಿಸಿದವರಲ್ಲಿ ಮುಖ್ಯನಾದವನು ಆಕ್ಸ್‌ಫರ್ಡಿನಲ್ಲಿ ನೂಲಿನ ವ್ಯಾಪಾರ ಮಾಡುತ್ತಿದ್ದ ಹೈನ್ಸ್ ಎಡ್ಗರ್ ಕೀವೆ. ಹೆಣಿಗೆಯ ‘ಪವಿತ್ರ ಇತಿಹಾಸ’ವೆಂಬ ಅವನ ಪುಸ್ತಕ ಹೊರಬಂದದ್ದು 1967ರಲ್ಲಿ.

ಹಾಗಾದರೆ ಮುಳುಗಿದವನ ಗುರುತು ಹಿಡಿಯುವ ಕಥೆ ಎಲ್ಲಿಂದ ಬಂತು? ಬಹುಮಟ್ಟಿಗೆ ಒಂದು ನಾಟಕದಿಂದ. 1898ರಿಂದ ಕೆಲವು ಬೇಸಿಗೆಗಳನ್ನು ಆ ದ್ವೀಪಗಳಲ್ಲಿ ಕಳೆದ ಜೆ.ಎಂ. ಸಿಂಜ್ ಬರೆದ ‘ರೈಡರ್ಸ್ ಟು ದ ಸೀ’ ನಾಟಕ 1904ರಲ್ಲಿ ರಂಗಕ್ಕೇರಿತು. ಅದರಲ್ಲಿ ಕಡಲುಪಾಲಾದ ಅಣ್ಣನದಿರಬಹುದಾದ ಬಟ್ಟೆಯ ಗಂಟೊಂದನ್ನು ಇಬ್ಬರು ತಂಗಿಯರು ಬಿಚ್ಚುತ್ತಾರೆ. ಅಂಗಿಯಿಂದ ಏನೂ ಗೊತ್ತಾಗುವುದಿಲ್ಲ; ಅಂಥ ಬಟ್ಟೆಯ ಥಾನುಗಳು ಪಟ್ಟಣದ ಅಂಗಡಿಯಲ್ಲಿ ರಾಶಿ ಬಿದ್ದಿರುತ್ತವೆ, ಯಾರು ಬೇಕಾದರೂ ಹೊಲಿಸಿಕೊಂಡಿರಬಹುದು. ಕೊನೆಗೆ ಕಿರಿಯವಳು ಕಾಲುಚೀಲವನ್ನು ಕೈಗೆತ್ತಿಕೊಂಡು ಕುಣಿಕೆಗಳನ್ನು ಎಣಿಸುತ್ತಾಳೆ. ಅರವತ್ತು ಕುಣಿಕೆ ಹಾಕಿ, ಅದರಲ್ಲಿ ನಾಲ್ಕನ್ನು ಬಿಟ್ಟು ಹೆಣೆದವಳು ಅವಳೇ. ಲೆಕ್ಕ ಸರಿಹೊಂದುತ್ತದೆ.

ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನಾಟಕದಲ್ಲಿ ಮನೆತನದ ವಿನ್ಯಾಸದ ಮಾತೇ ಇಲ್ಲ. ಅದು ತೀರ ಸಾದಾ ಕಾಲುಚೀಲ. ಗುರುತಾದದ್ದು ಹೆಣೆದವಳಿಗೊಬ್ಬಳಿಗೇ ಗೊತ್ತಿದ್ದ ಲೆಕ್ಕ. ವ್ಯಾಪಾರಿಗಳು ಈ ಖಾಸಗಿ ಲೆಕ್ಕವನ್ನು ಕಿತ್ತೊಗೆದು, ಆ ಜಾಗದಲ್ಲಿ ಎಲ್ಲರಿಗೂ ಅರ್ಥವಾಗುವ, ಎಷ್ಟು ಸಾವಿರ ಸ್ವೆಟರಿಗೂ ಅಂಟಿಸಬಹುದಾದ ಮನೆತನದ ಕಥೆಯನ್ನು ಕೂರಿಸಿದರು. ನನ್ನ ತಕರಾರು ಇರುವುದು ಈ ಅದಲುಬದಲಿನ ಬಗ್ಗೆ. ಏಕೆಂದರೆ ಅದು ಐರ್ಲೆಂಡಿನಲ್ಲೇ ಉಳಿದಿಲ್ಲ. ಗುಪ್ತಸಂದೇಶವಿರುವ, ‘ವೈಯಕ್ತಿಕ ಸ್ಫೂರ್ತಿ’ಯ ಕೈಹೆಣಿಗೆ ಎಂಬ ಹೆಸರಿನಲ್ಲಿ ಈಗ ನಮ್ಮ ಬೆಂಗಳೂರಿನ ಅಂಗಡಿಗಳಿಗೂ ಬಂದಿದೆ.

ಹೆಣಿಗೆಯಲ್ಲಿ ಮಾತನ್ನು ಅಡಗಿಸುವುದು ಕವಿಕಲ್ಪನೆಯಲ್ಲ. ಹೆಣಿಗೆಯ ರಚನೆಯೇ ಅದಕ್ಕೆ ಹೇಳಿ ಮಾಡಿಸಿದಂತಿದೆ. ಇರುವುದು ಮೂಲತಃ ಎರಡೇ ಬಗೆಯ ಕುಣಿಕೆ. ನಿಟ್ ಎಂಬುದು ಎದುರಿಗೆ ನಯವಾಗಿ ಕಾಣುತ್ತದೆ, ಪರ್ಲ್ ಎಂಬುದು ಪುಟ್ಟ ಗಂಟಿನಂತೆ ಉಬ್ಬಿ ನಿಲ್ಲುತ್ತದೆ. ಒಂದರ ಬೆನ್ನೇ ಇನ್ನೊಂದು. ಎರಡೇ ಗುರುತುಗಳಿಂದ ಯಾವ ಭಾಷೆಯನ್ನಾದರೂ ಬರೆಯಬಹುದೆಂದು ಗಣಕಯಂತ್ರದವರು ಕಂಡುಕೊಳ್ಳುವ ಬಹಳ ಮೊದಲೇ ತಂತಿ ಕಚೇರಿಯವರಿಗೆ ಗೊತ್ತಿತ್ತು.

ನನ್ನ ಸೋದರಮಾವ ತಂತಿ ಕಚೇರಿಯಲ್ಲಿ ದುಡಿದವರು. 2013ರ ಜುಲೈನಲ್ಲಿ ದೇಶದ ತಂತಿ ಸೇವೆ ನಿಂತಾಗ ಅವರು ನಿವೃತ್ತರಾಗಿ ಬಹಳ ವರ್ಷಗಳೇ ಆಗಿದ್ದವು. ಆದರೂ ಮನೆಯಲ್ಲಿ ಸೂತಕದ ಹಾಗೆ ಕೂತಿದ್ದರು. ಆ ಚಳಿಗಾಲ ಅವರಿಗೆ ಬೂದುಬಣ್ಣದ ಮಫ್ಲರೊಂದನ್ನು ಹೆಣೆದೆ. ಅದರ ಅಂಚಿನಲ್ಲಿ ಮೋರ್ಸ್ ಸಂಕೇತದಲ್ಲಿ ಇಂಗ್ಲಿಷ್ ಅಕ್ಷರಗಳ ‘ಅಮ್ಮ’ ಎಂಬ ಪದವಿತ್ತು. ಚುಕ್ಕೆಗೆ ಒಂದು ಉಬ್ಬು ಕುಣಿಕೆ, ಗೆರೆಗೆ ಮೂರು. ಅಕ್ಷರದ ಒಳಗಿನ ಬಿಡುವಿಗೆ ಒಂದು ನಯ ಕುಣಿಕೆ, ಅಕ್ಷರಗಳ ನಡುವಿನ ಬಿಡುವಿಗೆ ಮೂರು. ಈ ಲೆಕ್ಕದಲ್ಲಿ ಆ ಪದಕ್ಕೆ ಸರಿಯಾಗಿ 33 ಕುಣಿಕೆಗಳು ಬೇಕು. ಕಡ್ಡಿಯ ಮೇಲೆ ಸಾಲು ಬಲದಿಂದ ಎಡಕ್ಕೆ ಬೆಳೆಯುವುದರಿಂದ ಬರೆಯುವವಳು ಪದದ ಕೊನೆಯಿಂದಲೇ ಆರಂಭಿಸಬೇಕು. ಇನ್ನೊಂದು ತಮಾಷೆಯೆಂದರೆ, ಮಫ್ಲರನ್ನು ಮಗುಚಿ ಹಿಂಬದಿಯಿಂದ ಓದಿದರೆ ಅದು ‘ಎನ್, ಎಮ್, ಎಮ್, ಎನ್’ ಎಂಬ ಅರ್ಥವಿಲ್ಲದ ಅಕ್ಷರಗಳಾಗುತ್ತದೆ. ಮಾವನಿಗೆ ಆ ಹೊತ್ತಿಗೆ ಕಣ್ಣು ಮಂಜಾಗಿತ್ತು. ಮಫ್ಲರನ್ನು ಕೊರಳಿಗೆ ಸುತ್ತಿಕೊಂಡು ಏನೋ ಮಾತಾಡುತ್ತಿದ್ದವರು ಅಂಚಿನ ಮೇಲೆ ಬೆರಳಾಡಿಸುತ್ತ ತಟ್ಟನೆ ನಿಂತರು. ಮತ್ತೊಮ್ಮೆ ಬೆರಳಾಡಿಸಿದರು. “ನಿನ್ನಮ್ಮನೋ, ನನ್ನಮ್ಮನೋ?” ಎಂದು ಕೇಳಿದರು. “ಇಬ್ಬರೂ, ಮಾಮ” ಎಂದೆ. ಸ್ವಲ್ಪ ಹೊತ್ತಿನ ಮೇಲೆ, “ನಿನ್ನ ಕೈ ನಿಧಾನ ಕಣೇ, ಆದರೆ ಸ್ಪಷ್ಟ” ಎಂದರು. ತಂತಿಯವರು ತಮ್ಮ ಸಹೋದ್ಯೋಗಿಗಳನ್ನು ಕಾಣದೆಯೇ ಅವರ ‘ಕೈ’ಯಿಂದ, ಎಂದರೆ ಸಂಕೇತ ಕುಟ್ಟುವ ರೀತಿಯಿಂದ, ಗುರುತಿಸುತ್ತಿದ್ದರು. ನನ್ನ ಹೆಣಿಗೆಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬಂದದ್ದಿಲ್ಲ.

ಸರ್ಕಾರಗಳೂ ಈ ಕಡ್ಡಿ-ನೂಲನ್ನು ಕಂಡು ಹೆದರಿದ್ದುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಂಚೆ ಸೆನ್ಸಾರಿನವರು ಹೆಣಿಗೆಯ ಸೂಚನೆಗಳನ್ನು ಹೊರದೇಶಕ್ಕೆ ಕಳಿಸಲು ಬಿಡುತ್ತಿರಲಿಲ್ಲ. ಎರಡು ನಿಟ್, ಎರಡು ಪರ್ಲ್, ಒಂದು ಬಿಡು ಎಂಬ ಒಕ್ಕಣೆಯನ್ನು ನೋಡಿದರೆ ಎಂಥವನಿಗೂ ಗೂಢಲಿಪಿಯೆಂಬ ಅನುಮಾನ ಬರುವುದು ಸಹಜವೇ. ಜರ್ಮನರ ವಶದಲ್ಲಿದ್ದ ನಾರ್ವೆಯಲ್ಲಂತೂ ಲಿಪಿಯೂ ಬೇಕಾಗಲಿಲ್ಲ, ಬಣ್ಣವೇ ಸಾಕಾಯಿತು. ಜನ ಕೆಂಪು ಉಣ್ಣೆಯ ಕುಲಾವಿ ತೊಟ್ಟು ಓಡಾಡುವುದನ್ನೇ ಪ್ರತಿಭಟನೆಯನ್ನಾಗಿ ಮಾಡಿಕೊಂಡರು. 1942ರ ಫೆಬ್ರವರಿ 26ರಿಂದ ಅದನ್ನು ನಿಷೇಧಿಸಲಾಯಿತು. ಮಕ್ಕಳು ತೊಟ್ಟರೆ ಹೆತ್ತವರು ಹೊಣೆಯೆಂದೂ ಸಾರಲಾಯಿತು. ಒಂದು ಟೋಪಿಗೆ ಇಷ್ಟು ಮರ್ಯಾದೆ!

ಇಲ್ಲಿಯೂ ಕಥೆ ಕಟ್ಟುವವರ ಕಾಟ ತಪ್ಪಿಲ್ಲ. 1944ರ ಮೇ ತಿಂಗಳಲ್ಲಿ ಬ್ರಿಟನ್ನಿನ ಗೂಢಚಾರಿಣಿಯಾಗಿ ನಾರ್ಮಂಡಿಗೆ ಪ್ಯಾರಾಚೂಟಿನಲ್ಲಿ ಇಳಿದು, 135 ಸಂದೇಶಗಳನ್ನು ಕಳಿಸಿ, 2023ರಲ್ಲಿ ನ್ಯೂಜಿಲೆಂಡಿನಲ್ಲಿ ತನ್ನ 102ನೆಯ ವಯಸ್ಸಿನಲ್ಲಿ ತೀರಿಕೊಂಡ ಫಿಲಿಸ್ ಲಾಟೂರ್ ಡಾಯ್ಲ್ ಅವರನ್ನು ಸ್ವೆಟರಿನಲ್ಲಿ ಸಂಕೇತ ಹೆಣೆದ ಮಹಿಳೆಯೆಂದು ಬಣ್ಣಿಸುವುದನ್ನು ನಾನು ಎಷ್ಟೋ ಸಲ ಓದಿದ್ದೇನೆ. ಆಕೆಯೇ ಹೇಳಿಕೊಂಡದ್ದು ಬೇರೆ. ಸಂಕೇತಗಳಿದ್ದದ್ದು ಒಂದು ರೇಷ್ಮೆ ತುಂಡಿನ ಮೇಲೆ. ಅದನ್ನು ಹೆಣಿಗೆಯ ಕಡ್ಡಿಗೆ ಸುತ್ತಿ, ಚಪ್ಪಟೆಯಾದ ಬೂಟಿನ ಲಾಡಿಯೊಳಗೆ ತೂರಿಸಿ, ಆ ಲಾಡಿಯಿಂದ ಕೂದಲು ಕಟ್ಟಿಕೊಳ್ಳುತ್ತಿದ್ದರು. ಒಮ್ಮೆ ತಪಾಸಣೆ ಮಾಡುವವರ ಮುಂದೆ ಆ ಲಾಡಿಯನ್ನೇ ಬಿಚ್ಚಿ, ಏನೂ ಅಡಗಿಸಿಲ್ಲವೆಂಬಂತೆ ತಲೆ ಕೊಡವಿದರಂತೆ. ಈ ನಿಜದಲ್ಲಿ ಕೊರತೆಯೇನಿದೆಯೆಂದು ಅದಕ್ಕೊಂದು ಸ್ವೆಟರು ತೊಡಿಸಬೇಕೋ ನನಗೆ ತಿಳಿಯದು. ಡಿಕೆನ್ಸ್ 1859ರ ತನ್ನ ಕಾದಂಬರಿಯಲ್ಲಿ ಮದಾಂ ಡಿಫಾರ್ಜ್ ಕೈಯಿಂದ ಕೊಲ್ಲಬೇಕಾದವರ ಹೆಸರುಗಳನ್ನು ಹೆಣೆಸಿದಾಗಿನಿಂದ ಕಡ್ಡಿ ಹಿಡಿದ ಹೆಂಗಸೆಂದರೆ ಒಂದೋ ಪಾಪದ ಅಜ್ಜಿ, ಇಲ್ಲವೇ ಗೂಢಚಾರಿಣಿ ಎಂದಾಗಿದೆ. ನಡುವೆ ಇರುವ ಸಾವಿರಾರು ಮಂದಿ ವಿನ್ಯಾಸಕಾರ್ತಿಯರು ಯಾರ ಕಣ್ಣಿಗೂ ಬೀಳುವುದಿಲ್ಲ.

ವೈಯಕ್ತಿಕ ಸ್ಫೂರ್ತಿಯೆಂದರೆ ಏನೆಂಬುದಕ್ಕೆ ನನಗೆ ಬಹಳ ಹಿಡಿಸಿದ ಉದಾಹರಣೆ ಜರ್ಮನಿಯದು. ಮ್ಯೂನಿಕ್ ಬಳಿ ಪ್ರತಿದಿನ ರೈಲಿನಲ್ಲಿ ಓಡಾಡುತ್ತಿದ್ದ ಮಹಿಳೆಯೊಬ್ಬರು 2018ರ ವರ್ಷವಿಡೀ ದಿನಕ್ಕೆ ಎರಡು ಸಾಲಿನಂತೆ ಒಂದು ಶಾಲು ಹೆಣೆದರು. ರೈಲು ಐದು ನಿಮಿಷದೊಳಗೆ ತಡವಾದರೆ ಬೂದು, ಐದರಿಂದ ಮೂವತ್ತು ನಿಮಿಷವಾದರೆ ಗುಲಾಬಿ, ಅದನ್ನೂ ಮೀರಿದರೆ ಅಥವಾ ಹೋಗುವಾಗ ಬರುವಾಗ ಎರಡೂ ಸಲ ತಡವಾದರೆ ಕೆಂಪು. ಶಾಲಿನ ಬೇಸಿಗೆಯ ಭಾಗ ಗುಲಾಬಿ-ಕೆಂಪಿನಿಂದ ತುಂಬಿಹೋಯಿತು. 2019ರ ಜನವರಿಯಲ್ಲಿ ಅದು ದಾನಕ್ಕಾಗಿ ಹರಾಜಾಗಿ 7,550 ಯೂರೋ ತಂದಿತು. ಆ ಪಟ್ಟೆಗಳಲ್ಲಿ ಪುರಾತನ ಸಂಕೇತವೊಂದೂ ಇಲ್ಲ. ನಿಲ್ದಾಣದಲ್ಲಿ ನಿಂತು ಕಾದ ಒಬ್ಬ ಹೆಂಗಸಿನ ಒಂದು ವರ್ಷವಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2017ರಲ್ಲಿ ಶುರುವಾದ ‘ಟೆಂಪೆಸ್ಟ್ರಿ’ ಯೋಜನೆಯವರು ಒಂದು ಊರಿನ ವರ್ಷವೊಂದರ ದಿನದಿನದ ತಾಪಮಾನವನ್ನು ಹೀಗೆಯೇ ಬಣ್ಣದ ಸಾಲುಗಳಾಗಿ ಹೆಣೆಯುತ್ತಾರೆ.

2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗಾಗಿ ಬಾಯಿ ಬಿಟ್ಟಾಗ ನಾನೂ ಒಂದು ಶಾಲು ಹಿಡಿದೆ. ಮನೆಗೆ ನಲ್ಲಿ ನೀರು ಬಂದ ದಿನ ನೀಲಿ ಸಾಲು, ಟ್ಯಾಂಕರ್ ತರಿಸಿದ ದಿನ ಕಂದು, ಎರಡೂ ಇಲ್ಲದ ದಿನ ಬಿಳಿ. ಮದುವೆಯೊಂದರಲ್ಲಿ ಅದನ್ನು ಹೊದ್ದಾಗ ಹಲವರು ಬಣ್ಣದ ಜೋಡಣೆ ಬಹಳ ಚೆನ್ನಾಗಿದೆಯೆಂದು ಮೆಚ್ಚಿಕೊಂಡರು. ನಮ್ಮ ಬೀದಿಯ ಒಬ್ಬಾಕೆ ಮಾತ್ರ ಒಂದು ಅಗಲವಾದ ಕಂದು ಪಟ್ಟೆಯ ಮೇಲೆ ಕೈಯಿಟ್ಟು, “ಇದು ಯುಗಾದಿ ಆಸುಪಾಸಿನದಲ್ಲವೇ?” ಎಂದರು. ಹೌದು, ಅದೇ ಆಗಿತ್ತು.

ನಮ್ಮಲ್ಲಿ ಉಣ್ಣೆಯ ಹೆಣಿಗೆ ಈಚಿನದಾದರೂ ಬಟ್ಟೆಯಲ್ಲಿ ಮಾತನ್ನು ಸೇರಿಸಿಡುವುದು ಹೊಸದಲ್ಲ. ಉತ್ತರ ಕರ್ನಾಟಕದ ಕೌದಿಯಲ್ಲಿ ಅಜ್ಜಿಯ ಸೀರೆ, ತೀರಿಹೋದವರ ಧೋತರ, ಮಗುವಿನ ಅಂಗಿ ಪದರಪದರವಾಗಿ ಸೇರಿರುತ್ತವೆ. ಯಾವ ತುಂಡು ಯಾರದೆಂದು ಹೊಲಿದವಳು ಕತ್ತಲಲ್ಲೂ ಹೇಳಬಲ್ಲಳು. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಕೌದಿಯ ಮೂಲೆಗಳಿಗೆ ಬಟ್ಟೆಯನ್ನು ಮಡಿಸಿ ತ್ರಿಕೋನದ ‘ಫೂಲ’ ಇಡುತ್ತಾರೆ. ಅದಿಲ್ಲದ ಕೌದಿ ಬತ್ತಲೆಯೆಂಬುದು ಅವರ ಮಾತು. ಧಾರವಾಡ ಕಡೆಯ ಕಸೂತಿಯ ಗವಂತಿ ಹೊಲಿಗೆಗೆ ಹಿಂದು-ಮುಂದೆಂಬುದಿಲ್ಲ, ಗಂಟೂ ಕಾಣುವುದಿಲ್ಲ. ಇವುಗಳಿಗೆಲ್ಲ ಅರಾನ್ ಸ್ವೆಟರಿಗೆ ಆದ ಗತಿ ಬಾರದಿರಲಿ ಎಂಬುದು ನನ್ನ ಕಾಳಜಿ. ಕಸೂತಿಯ ಆನೆಯೆಂದರೆ ಐಶ್ವರ್ಯ, ಗೋಪುರವೆಂದರೆ ಮೋಕ್ಷ ಎಂಬ ಚೀಟಿಗಳನ್ನು ಈಗಾಗಲೇ ಕೆಲವು ಮೇಳಗಳಲ್ಲಿ ಕಂಡಿದ್ದೇನೆ. ಹೊಲಿದವಳನ್ನು ಕೇಳಿದರೆ, ಊರ ಮುಂದೆ ಗುಡಿಯಿತ್ತು, ಹಾಕಿದೆ ಎನ್ನುತ್ತಾಳೆ. ಆ ಉತ್ತರವನ್ನು ಚೀಟಿಯ ಮೇಲೆ ಬರೆಯಲು ಯಾರಿಗೂ ಮನಸ್ಸಿಲ್ಲ.

ಇನ್ನು ಹಣದ ಮಾತು. ಹೋದ ವರ್ಷ ಬಟ್ಟೆ ವ್ಯಾಪಾರಿಯೊಬ್ಬರು ನನ್ನ ಸ್ವೆಟರೊಂದನ್ನು ಮೆಚ್ಚಿ, ಅಂಥವನ್ನು ನಮ್ಮ ಓಣಿಯ ಹೆಂಗಸರಿಂದ ಮಾಡಿಸಿಕೊಡಿ ಎಂದು ಬಂದರು. ಒಂದಕ್ಕೆ 1,500 ರೂಪಾಯಿ. ಉಣ್ಣೆಗೇ 900 ರೂಪಾಯಿ ತಗಲುತ್ತದೆ. ಆ ಅಳತೆಯ ಸ್ವೆಟರು ಹೆಣೆಯಲು ನನಗೆ ಸುಮಾರು 75 ಗಂಟೆ ಬೇಕು. ಎಂದರೆ ಗಂಟೆಗೆ ಎಂಟು ರೂಪಾಯಿ ಕೂಲಿ. ಹೇಗೂ ಟಿ.ವಿ. ನೋಡುತ್ತ ಹೆಣೆಯುವುದಲ್ಲವೇ ಎಂಬುದು ಅವರ ಸಮಜಾಯಿಷಿ. ನನಗೆ ಸಿಟ್ಟು ಬಂದದ್ದು ಅದಕ್ಕಿಂತ ಮುಂದಿನ ಮಾತಿಗೆ. ಪ್ರತಿ ಸ್ವೆಟರಿನ ಜೊತೆಗೆ ಹೆಣೆದವಳ ಜೀವನದ ಒಂದು ಪುಟ್ಟ ಕಥೆ ಬರೆದುಕೊಡಿ, ಸ್ವಲ್ಪ ದುಃಖವಿದ್ದರೆ ಒಳ್ಳೆಯದು, ಗುಟ್ಟಾಗಿ ಏನಾದರೂ ಹೆಣೆದಿದ್ದರೆ ಅದರ ಅರ್ಥವನ್ನೂ ಚೀಟಿಯಲ್ಲಿ ಅಚ್ಚು ಹಾಕಿಸೋಣ, ಗಿರಾಕಿಗಳು ಅದಕ್ಕೇ ಹೆಚ್ಚು ಕೊಡುತ್ತಾರೆ ಎಂದರು. ಹೆಸರು ಹಾಕುತ್ತೀರಾ ಎಂದು ಕೇಳಿದೆ. ಹೆಸರು ಬೇಡ, ‘ಒಬ್ಬ ಅಜ್ಜಿ’ ಎಂದರೆ ಸಾಕು ಎಂದರು.

ಕಥೆಗೆ ಬೆಲೆಯುಂಟು, ಕೈಗೆ ಇಲ್ಲ. ಇದನ್ನು ಒಪ್ಪಿಕೊಳ್ಳುವ ಅನಿವಾರ್ಯತೆ ನನಗಿಲ್ಲ, ಪಿಂಚಣಿ ಬರುತ್ತದೆ. ಆದರೆ ಆ ಓಣಿಯಲ್ಲೇ ಗಂಟೆಗೆ ಎಂಟು ರೂಪಾಯಿಗೂ ಹೆಣೆಯಲು ಸಿದ್ಧರಿರುವವರಿದ್ದಾರೆ, ಮಗನ ಶಾಲೆಯ ಫೀಸಿಗೆ ಅದೂ ಆಧಾರವೆನ್ನುವವರಿದ್ದಾರೆ. ಅವರ ಪರವಾಗಿಯೇ ಈ ಮಾತು. ಲಾಟ್ವಿಯಾದಂಥ ಪುಟ್ಟ ದೇಶ 2006ರ ನವೆಂಬರಿನಲ್ಲಿ ರೀಗಾದಲ್ಲಿ ನ್ಯಾಟೋ ಶೃಂಗಸಭೆ ನಡೆಸಿದಾಗ, ಬಂದವರಿಗೆಲ್ಲ ಕೊಟ್ಟದ್ದು ತನ್ನ ಹೆಣ್ಣುಮಕ್ಕಳು ಕೈಯಲ್ಲಿ ಹೆಣೆದ ಕೈಗವಸುಗಳನ್ನು, 4,500 ಜೋಡಿ. ನಮ್ಮ ಸಮ್ಮೇಳನಗಳಲ್ಲಿ ಪೇಟ-ಶಾಲುಗಳಿಗೆ ಬರವಿಲ್ಲ. ಅವುಗಳಲ್ಲಿ ಎಷ್ಟು ಕೈಯಿಂದ ಆದವೆಂದು ಸಂಘಟಕರೇ ಹೇಳಬೇಕು. ಕೊಳ್ಳುವವರು ಮುಂದಿನ ಸಲ ಕೈಹೆಣಿಗೆಯ ಚೀಟಿ ಓದುವಾಗ ಅದರಲ್ಲಿ ಹೆಣೆದವಳ ಹೆಸರಿದೆಯೇ, ಎಷ್ಟು ಗಂಟೆಯ ಕೆಲಸ, ಎಷ್ಟು ಕೂಲಿ ಸಂದಿದೆ ಎಂಬುದನ್ನು ಕೇಳಲಿ. ಒಳಗಿನ ಗುಟ್ಟನ್ನು ಹೇಳುವುದೂ ಬಿಡುವುದೂ ಅವಳಿಗೆ ಸೇರಿದ್ದು. ಅದನ್ನು ಹೇಳಿದ್ದಕ್ಕೆ ಬೇರೆ ಬೆಲೆ, ಹೇಳದ್ದಕ್ಕೆ ಬೇರೆ ಬೆಲೆ ಕಟ್ಟುವ ಕ್ರಮ ನಿಲ್ಲಬೇಕು.

ಆ ವ್ಯಾಪಾರಿ ಮತ್ತೆ ಬಂದಿಲ್ಲ. ಅವರು ಮೆಚ್ಚಿದ ಸ್ವೆಟರನ್ನು ಈಗ ಚಿಕ್ಕಮಗಳೂರಿನಲ್ಲಿ ನನ್ನ ತಮ್ಮನ ಮಗಳು ತೊಡುತ್ತಿದ್ದಾಳೆ. ಎಡತೋಳಿನ ಅಂಚಿನಲ್ಲಿ ಉಬ್ಬಾಗಿರುವುದೇನೆಂದು ಅವಳಿನ್ನೂ ಕೇಳಿಲ್ಲ.