ಸರ್ವೆ ಕಡತದ ಆಮದು: ವರ್ತಕರೂ ತಾಳೆ ನೋಡಬೇಕಾದ ಲೆಕ್ಕ

ಸರಕಿನ ಜೊತೆಗೆ ಕಾಗದಪತ್ರಗಳೂ ಪ್ರಯಾಣ ಮಾಡುವುದು ವ್ಯಾಪಾರದಲ್ಲಿ ಹೊಸ ಸಂಗತಿಯೇನಲ್ಲ. ತೂಕದ ಚೀಟಿ, ಬಿಲ್ಲು, ಲಾರಿ ರಸೀದಿ ಇಲ್ಲದೆ ಒಂದು ಮೂಟೆ ಕಾಫಿಯೂ ನಮ್ಮ ಜಿಲ್ಲೆಯ ಗಡಿ ದಾಟುವುದಿಲ್ಲ. ಈಗ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗದ ಕಾಫಿ ವರ್ತಕರ ಹಾಗೂ ಕ್ಯೂರಿಂಗ್ ಘಟಕಗಳ ಮೇಜಿನ ಮೇಲೆ ಮತ್ತೊಂದು ದಾಖಲೆ ಬಂದು ಕುಳಿತಿದೆ. ಅದು ತೋಟದ ಮೇರೆಯನ್ನು ಅಂಕಿಗಳಲ್ಲಿ ಹೇಳುವ ಸರ್ವೆ ಕಡತ. ಇದು ಸರ್ವೆಯರರಿಗೂ ಕಂಪ್ಯೂಟರ್ ಆಪರೇಟರಿಗೂ ಸಂಬಂಧಿಸಿದ ವಿಷಯವೆಂದು ನಮ್ಮ ಅನೇಕ ಸದಸ್ಯರು ಭಾವಿಸಿದ್ದಾರೆ. ಈ ಭಾವನೆ ಸರಿಯಲ್ಲ. ಸರ್ವೆ ಕಡತವು ಒಂದು ವ್ಯಾಪಾರಿ ವೋಚರ್ ಆಗಿದ್ದು, ಅದನ್ನು ಸ್ವೀಕರಿಸುವವರು ಲೆಕ್ಕದಂತೆಯೇ ತಾಳೆ ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಕಾರಣವಾದುದು ಐರೋಪ್ಯ ಒಕ್ಕೂಟವು 2023ರಲ್ಲಿ ಜಾರಿಗೆ ತಂದ ಅರಣ್ಯನಾಶ ತಡೆ ನಿಯಮಾವಳಿ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಭೂಮಿಯಲ್ಲಿ ಬೆಳೆದ ಕಾಫಿಗೆ ಅಲ್ಲಿನ ಮಾರುಕಟ್ಟೆಯಲ್ಲಿ ಪ್ರವೇಶವಿಲ್ಲ. ಕಾಫಿ ಯಾವ ಜಮೀನಿನಲ್ಲಿ ಬೆಳೆದುದೆಂಬುದನ್ನು ಅಕ್ಷಾಂಶ, ರೇಖಾಂಶಗಳ ಸಹಿತ ತೋರಿಸಬೇಕು. ಜಮೀನು 4 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸುತ್ತಲಿನ ಮೇರೆಯ ಪೂರ್ಣ ರೇಖೆಯನ್ನೂ, ಅದಕ್ಕಿಂತ ಕಡಿಮೆಯಿದ್ದರೆ ಕನಿಷ್ಠ ಒಂದು ಬಿಂದುವನ್ನೂ ನೀಡಬೇಕು. ಅಂಕಿಗಳು ಆರು ದಶಮಾಂಶ ಸ್ಥಾನಗಳವರೆಗೆ ಇರಬೇಕು. ಎರಡು ಬಾರಿ ಮುಂದೂಡಲ್ಪಟ್ಟ ಈ ನಿಯಮದ ಅನ್ವಯ ದಿನಾಂಕವನ್ನು ದೊಡ್ಡ ಹಾಗೂ ಮಧ್ಯಮ ಸಂಸ್ಥೆಗಳಿಗೆ 2026ರ ಡಿಸೆಂಬರ್ 30 ಎಂದು ನಿಗದಿಪಡಿಸಲಾಗಿದೆ. 2025ರ ಮೇ ತಿಂಗಳಲ್ಲಿ ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿರುವುದು ನಿಜ. ಆದರೆ ಅದರಿಂದ ಪರಿಶೀಲನೆಯ ಹೊರೆ ಇಳಿಯಿತೇ ಹೊರತು ಜಮೀನಿನ ಸ್ಥಾನ ತೋರಿಸುವ ಕರ್ತವ್ಯದಿಂದ ಬಿಡುಗಡೆ ದೊರೆಯಲಿಲ್ಲ. ಇಟಲಿ, ಜರ್ಮನಿ, ಬೆಲ್ಜಿಯಂಗಳನ್ನು ನೆಚ್ಚಿಕೊಂಡಿರುವ ನಮ್ಮ ವ್ಯಾಪಾರಕ್ಕೆ ಇದು ಕಡೆಗಣಿಸತಕ್ಕ ವಿಷಯವಲ್ಲ.

ತೋಟದಲ್ಲಿ ಟೋಟಲ್ ಸ್ಟೇಷನ್ ಅಥವಾ ಡಿಜಿಪಿಎಸ್ ಉಪಕರಣದಿಂದ ಅಳೆದ ಬಿಂದುಗಳು ಸಾಮಾನ್ಯವಾಗಿ ಸಿಎಸ್‌ವಿ ಎಂಬ ಸರಳ ಕಡತವಾಗಿ ಹೊರಬರುತ್ತವೆ. ಅದರಲ್ಲಿರುವುದು ಬಿಂದುವಿನ ಸಂಖ್ಯೆ, ಉತ್ತರದ ಅಳತೆ, ಪೂರ್ವದ ಅಳತೆ, ಎತ್ತರ ಹಾಗೂ ಒಂದು ಸಂಕೇತ, ಇಷ್ಟೇ. ಇದನ್ನು ಸರ್ವೆ ತಂತ್ರಾಂಶಕ್ಕೆ ಆಮದು ಮಾಡಿಕೊಂಡು ನಕ್ಷೆ ಎಳೆದು, ಜಿಯೋಜೇಸನ್ ಎಂಬ ರೂಪದಲ್ಲಿ ಖರೀದಿದಾರರಿಗೆ ಕಳುಹಿಸಲಾಗುತ್ತದೆ. ಈ ಆಮದಿಗೆ ಸುಂಕವಿಲ್ಲ, ಕಸ್ಟಮ್ಸ್ ತಪಾಸಣೆಯೂ ಇಲ್ಲ. ಅಪಾಯವಿರುವುದು ಅಲ್ಲಿಯೇ. ತಂತ್ರಾಂಶವು ಅಂಕಿಯನ್ನು ಓದುತ್ತದೆಯೇ ಹೊರತು ಅದರ ಅರ್ಥವನ್ನು ಕೇಳುವುದಿಲ್ಲ.

ನಮ್ಮ ಜಿಲ್ಲೆಯ ತೋಟಗಳು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶ, 75 ಡಿಗ್ರಿ ಪೂರ್ವ ರೇಖಾಂಶದ ಆಸುಪಾಸಿನಲ್ಲಿವೆ. ನಾವು ರೂಢಿಯಲ್ಲಿ ಅಕ್ಷಾಂಶವನ್ನು ಮೊದಲು ಹೇಳುತ್ತೇವೆ. ಜಿಯೋಜೇಸನ್ ಕಡತವು ರೇಖಾಂಶವನ್ನು ಮೊದಲು ಕೇಳುತ್ತದೆ. ಅದಲುಬದಲಾದರೆ ಮೂಡಿಗೆರೆಯ ತೋಟವು ಉತ್ತರ ಧ್ರುವದ ಕಡೆಯ ಸಮುದ್ರದಲ್ಲಿ ತೇಲುತ್ತದೆ. ಇಂತಹ ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ ಎಂಬುದೇ ಸಮಾಧಾನ. ಸಣ್ಣ ತಪ್ಪುಗಳು ಹಾಗಲ್ಲ. 13 ಡಿಗ್ರಿ 18 ಮಿನಿಟು 30 ಸೆಕೆಂಡು ಎಂಬುದನ್ನು 13.1830 ಎಂದು ಬರೆದರೆ ತೋಟ ಸುಮಾರು 14 ಕಿಲೋಮೀಟರ್ ದಕ್ಷಿಣಕ್ಕೆ ಜರುಗುತ್ತದೆ. ಸರಿಯಾದ ಅಂಕಿ 13.308333. ನಮ್ಮ ಗುಡ್ಡಗಾಡಿನಲ್ಲಿ ಹೀಗೆ ಜರುಗಿದ ತೋಟವು ಮೀಸಲು ಅರಣ್ಯದೊಳಗೆ ಹೋಗಿ ಬೀಳುವ ಸಾಧ್ಯತೆ ಇದ್ದೇ ಇದೆ. ಹಳೆಯ ಭೂನಕ್ಷೆಗಳ ಎವರೆಸ್ಟ್ ಮಾನಕ್ಕೂ ಇಂದಿನ ಡಬ್ಲ್ಯುಜಿಎಸ್ 84 ಮಾನಕ್ಕೂ ನೂರು ಮೀಟರಿಗಿಂತ ಹೆಚ್ಚಿನ ಅಂತರವಿರುವುದನ್ನೂ ಮರೆಯಬಾರದು. ಅಡಿಗಳಲ್ಲಿರುವ ಕಡತವನ್ನು ಮೀಟರ್ ಎಂದು ಓದಿಸಿದರೆ ವಿಸ್ತೀರ್ಣ ಹತ್ತು ಪಟ್ಟಿಗೂ ಮೀರಿ ಬೆಳೆಯುತ್ತದೆ.

ಲೆಕ್ಕಪತ್ರ ಬಲ್ಲವರು ವಿಶೇಷವಾಗಿ ಗಮನಿಸಬೇಕಾದುದು ಎಕ್ಸೆಲ್‌ನ ಉಪಕಾರವನ್ನು. ಕಡತವನ್ನು ಒಮ್ಮೆ ತೆರೆದು ಉಳಿಸಿದರೆ ಸರ್ವೆ ನಂಬರ್ 12/3 ಎಂಬುದು ಮಾರ್ಚ್ 12 ಎಂಬ ದಿನಾಂಕವಾಗಿ ಮಾರ್ಪಡುತ್ತದೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಬೆಳೆಗಾರರ ಹೆಸರು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗುತ್ತದೆ. ಯೂನಿಕೋಡ್ ಆದರೆ ಮಾತ್ರ ಉಳಿಯುತ್ತದೆ. ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಎಕರೆ ಗುಂಟೆಯ ಲೆಕ್ಕ. ಪಹಣಿಯ 9.36 ಎಂದರೆ 9 ಎಕರೆ 36 ಗುಂಟೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಅದು 9.90 ಎಕರೆ, ಅಂದರೆ 4 ಹೆಕ್ಟೇರಿಗಿಂತ ತುಸು ಹೆಚ್ಚು. ಕಂಪ್ಯೂಟರು ಅದನ್ನು ದಶಮಾಂಶವೆಂದು ಭಾವಿಸಿದರೆ 3.79 ಹೆಕ್ಟೇರ್ ಆಗುತ್ತದೆ. ಮೇರೆಯ ಪೂರ್ಣ ರೇಖೆ ಕೊಡಬೇಕಾದ ಕಡೆ ಒಂದೇ ಬಿಂದು ಸಾಕೆಂದು ತಿಳಿದು, ಲಾಟು ಪೂರ್ತಿಯಾಗಿ ಆಕ್ಷೇಪಣೆಗೆ ಒಳಗಾಗಬಹುದು.

ಎಲ್ಲವೂ ಸರಿಯಾಗಿ ಆಮದಾದರೂ ನಕ್ಷೆಯ ವಿಸ್ತೀರ್ಣ ಪಹಣಿಯೊಂದಿಗೆ ಹೊಂದದಿರುವುದು ಸಾಮಾನ್ಯ. ಇದರಲ್ಲಿ ಗಾಬರಿಗೆ ಕಾರಣವಿಲ್ಲ. ಮೂಲ ದಾಖಲೆಗಳು 33 ಅಡಿಯ ಸರಪಳಿ ಎಳೆದು ಬರೆದವು. ವಿಸ್ತೀರ್ಣವನ್ನು ಸಮತಲದಲ್ಲಿ ಲೆಕ್ಕ ಹಾಕಬೇಕು. 30 ಡಿಗ್ರಿ ಇಳಿಜಾರಿನಲ್ಲಿ ಟೇಪು ಹಿಡಿದ 100 ಮೀಟರ್ ಸಮತಲದಲ್ಲಿ 86.6 ಮೀಟರ್ ಮಾತ್ರ. ಸಿಲ್ವರ್ ಓಕ್ ಹಾಗೂ ಕಾಡುಮರಗಳ ದಟ್ಟ ನೆರಳಿನಲ್ಲಿ ಉಪಗ್ರಹದ ಸಂಕೇತವೂ ಮಸುಕಾಗುತ್ತದೆ. ಖರಾಬು, ಪೋಡಿಯಾಗದ ಹಿಸ್ಸೆಗಳು ಬೇರೆ. ವ್ಯತ್ಯಾಸಕ್ಕೆ ಕಾರಣವನ್ನು ಬರೆದಿಡುವುದು ಧರ್ಮ. ಅದರ ಬದಲು ಪಹಣಿಯ ಅಂಕಿ ಬರುವವರೆಗೆ ಪರದೆಯ ಮೇಲೆ ಗೆರೆಯನ್ನು ಅತ್ತಿತ್ತ ಎಳೆಯುವ ಪರಿಪಾಠ ಕೆಲವೆಡೆ ಕಾಣುತ್ತಿದೆ. ರೋಕಡ ಹೊಂದಲಿಲ್ಲವೆಂದು ಸಸ್ಪೆನ್ಸ್ ಖಾತೆಗೆ ತಳ್ಳಿದಂತೆಯೇ ಇದು. ಅಂದಿನ ಮಟ್ಟಿಗೆ ಲೆಕ್ಕ ಮುಗಿಯುತ್ತದೆ, ಪ್ರಶ್ನೆ ಮುಗಿಯುವುದಿಲ್ಲ. ಹೀಗೆ ತಿದ್ದಿದ ಗೆರೆ ನೆರೆಯವರ ತೋಟವನ್ನೋ ಸರ್ಕಾರಿ ಭೂಮಿಯನ್ನೋ ಪ್ರವೇಶಿಸಿದರೆ, ಆ ಸುಳ್ಳಿಗೆ ಸಹಿ ಹಾಕಿದ ಬೆಳೆಗಾರರೇ ಹೊಣೆಗಾರರಾಗುತ್ತಾರೆ. ಇಂತಹ ಖಾಸಗಿ ನಕ್ಷೆ ಹಕ್ಕುಪತ್ರವಲ್ಲ, ಭೂಮಾಪನ ಇಲಾಖೆಯ ಹದ್ದುಬಸ್ತಿಗೆ ಪರ್ಯಾಯವೂ ಅಲ್ಲ.

ಹತ್ತಾರು ಸಣ್ಣ ಬೆಳೆಗಾರರಿಂದ ಚೆರಿ ಕೊಳ್ಳುವ ವರ್ತಕರಿಗೆ ಈ ಜಂಜಾಟ ಏಕೆ, ರಫ್ತುದಾರರು ನೋಡಿಕೊಳ್ಳಲಿ ಎಂಬ ವಾದವಿದೆ. ಕಾಫಿ ಮಂಡಳಿಯೂ ತನ್ನ ಆ್ಯಪ್ ಮೂಲಕ ಬೆಳೆಗಾರರ ನೋಂದಣಿ ನಡೆಸುತ್ತಿರುವಾಗ ಪ್ರತ್ಯೇಕ ಶ್ರಮ ಬೇಡವೆಂಬ ಅಭಿಪ್ರಾಯವೂ ಇದೆ. ಖರ್ಚಿನ ಮಾತು ನ್ಯಾಯವಾದುದೇ. ಆದರೆ ತಪ್ಪು ಪತ್ತೆಯಾಗುವುದು ಸರಪಳಿಯ ಕೊನೆಯಲ್ಲಿ. ಅದರ ನಷ್ಟ ಹಿಂದಕ್ಕೆ ಸರಿದು ಬಂದು ನಿಲ್ಲುವುದು ಅತ್ಯಂತ ದುರ್ಬಲರ ಬಾಗಿಲಲ್ಲಿ. ಎಲ್ಲಿಯ ಬೆಳೆಯೆಂದು ತೋರಿಸಲಾಗದ ಕಾಫಿಗೆ ಗುಣಮಟ್ಟ ಎಷ್ಟೇ ಇದ್ದರೂ ಐರೋಪ್ಯ ಖರೀದಿಯ ದರ ಸಿಗಲಾರದು. ಹತ್ತು ನಿಮಿಷದ ತಾಳೆ ಆ ನಷ್ಟಕ್ಕಿಂತ ಖಂಡಿತ ಅಗ್ಗ.

ಆದ್ದರಿಂದ ಸದಸ್ಯರಲ್ಲಿ ನನ್ನ ಸಲಹೆ ಇಷ್ಟು. ಸರ್ವೆಯರರ ಬಿಲ್ಲು ಪಾವತಿಸುವ ಮುನ್ನ ಉಪಕರಣದಿಂದ ಬಂದ ಮೂಲ ಕಡತವನ್ನು, ಯಾರೂ ತೆರೆದು ತಿದ್ದದ ಸ್ಥಿತಿಯಲ್ಲಿ, ಕೇಳಿ ಪಡೆಯಿರಿ. ಜೊತೆಗೆ ಒಂದು ಪುಟದ ವಿವರಪತ್ರ ಇರಲಿ: ಯಾವ ಮಾನ, ಯಾವ ವಲಯ, ಅಂಕಣಗಳ ಕ್ರಮ, ಅಡಿಯೋ ಮೀಟರೋ, ಅಳತೆಯ ದಿನಾಂಕ, ಆಧಾರ ಬಿಂದು ಯಾವುದು. ನಮ್ಮ ಜಿಲ್ಲೆಯ ಕಾಫಿ ಪ್ರದೇಶ ಯುಟಿಎಂ 43ನೇ ಉತ್ತರ ವಲಯದಲ್ಲಿದ್ದು, ಇಲ್ಲಿ ಮೀಟರಿನ ಪೂರ್ವದ ಅಳತೆಗೆ ಆರು ಅಂಕಿ, ಉತ್ತರದ ಅಳತೆಗೆ ಏಳು ಅಂಕಿ ಇರುತ್ತದೆ. ಇಷ್ಟು ತಿಳಿದ ಗುಮಾಸ್ತರೂ ಅದಲುಬದಲನ್ನು ಹಿಡಿಯಬಲ್ಲರು. ಆಮದಾದ ನಂತರ ಮೂರು ತಾಳೆ ಸಾಕು: ಬಿಂದುಗಳ ಸಂಖ್ಯೆ ಮೂಲದಷ್ಟೇ ಇದೆಯೇ, ಉಪಗ್ರಹ ಚಿತ್ರದ ಮೇಲೆ ಮೇರೆ ತೋಟದ ಮೇಲೆಯೇ ಕೂರುತ್ತದೆಯೇ, ವಿಸ್ತೀರ್ಣಕ್ಕೂ ಪಹಣಿಗೂ ಇರುವ ವ್ಯತ್ಯಾಸಕ್ಕೆ ಲಿಖಿತ ಕಾರಣವಿದೆಯೇ.

ನಮ್ಮ ಸಂಸ್ಥೆಯು ಈ ವಿವರಪತ್ರದ ಏಕರೂಪ ನಮೂನೆಯನ್ನು ಕನ್ನಡದಲ್ಲಿ ಸಿದ್ಧಪಡಿಸಿ, ಬೆಳೆಗಾರರ ಸಂಘಗಳ ಹಾಗೂ ಸ್ಥಳೀಯ ಸರ್ವೆಯರರ ಸಮಾಲೋಚನೆಯೊಂದಿಗೆ ಮುಂದಿನ ಕೊಯ್ಲಿನೊಳಗೆ ಬಳಕೆಗೆ ತರುವುದು ಸೂಕ್ತವೆಂದು ಭಾವಿಸುತ್ತೇನೆ. ತೂಕದ ಕಲ್ಲಿಗೆ ಮುದ್ರೆ ಬೇಕೆಂದು ಒಪ್ಪಿಕೊಂಡ ವರ್ತಕ ಸಮುದಾಯವು ಮೇರೆಯ ಕಲ್ಲಿನ ಅಂಕಿಗೂ ಒಂದು ಮುದ್ರೆ ಬೇಕೆಂಬುದನ್ನು ಒಪ್ಪದಿರಲಾರದು.