ಬಾಗಲಕೋಟೆಯ ಮನೆಗೆ ನೂರು ವಾಟ್‌ನ ಗಿಟಾರ್ ಆಂಪ್ ಯಾಕೆ?

ಬನದ ಹುಣ್ಣಿಮೆ ಬಂತೆಂದರೆ ಬಾದಾಮಿ ಬನಶಂಕರಿಯ ಜಾತ್ರೆಯಲ್ಲಿ ನಾಟಕ ಕಂಪನಿಗಳ ಟೆಂಟುಗಳು ಸಾಲುಗಟ್ಟಿ ಏಳುತ್ತವೆ. ಆಟಕ್ಕೆ ಜನ ಕರೆಯುವವನು ಮೈಕನ್ನು ತುಟಿಗೇ ಹಚ್ಚಿಕೊಂಡು ಕೂಗಿದಾಗ ಹಾರ್ನಿನಿಂದ ಹೊರಡುವ ದನಿ ಒಡೆದು ಗರಗರ ಎನ್ನುತ್ತದೆ. ಮೈಕ್ ಸೆಟ್‌ನವನು ಓಡಿಬಂದು ವಾಲ್ಯೂಮ್ ಇಳಿಸುತ್ತಾನೆ. ಹೆವಿ ಮೆಟಲ್ ನುಡಿಸುವ ಹುಡುಗರು ಲಕ್ಷಗಟ್ಟಲೆ ರೂಪಾಯಿ ಸುರಿದು ಕೊಳ್ಳಲು ಹೊರಡುವುದು ಇದೇ ಒಡಕನ್ನು. ಕೇಳಿದವರಿಗೆ ನಗು ಬರಬಹುದು. ಆದರೆ ಅರವತ್ತು ವರ್ಷಗಳಿಂದ ಜಗತ್ತಿನ ದೊಡ್ಡದೊಂದು ಸಂಗೀತ ಈ ಒಡಕಿನ ಮೇಲೆಯೇ ನಿಂತಿದೆ. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್, ಎಲ್ಪಿಕೊ ಎಂಬ ಅಗ್ಗದ ಪುಟ್ಟ ಆಂಪ್ಲಿಫೈಯರ್‌ನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿ ಬೇಕೆಂದೇ ದನಿ ಕೆಡಿಸಿದ. ಆ ಕೆಟ್ಟ ದನಿಯ ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು.

ಹೆವಿ ಮೆಟಲ್ ಎಂದರೆ ಬೆಂಗಳೂರಿನ ಶೋಕಿ, ನಮ್ಮ ಕಡೆಗೆ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಕರಡಿ ಮಜಲಿನ ಹೊಡೆತಕ್ಕೆ ಎದೆ ಅದುರಿಸಿಕೊಂಡು, ಹಲಗಿಯ ಹಿಂದೆ ಓಡಿ ಬೆಳೆದ ಮಕ್ಕಳಿಗೆ ಜೋರು ಸದ್ದು ಹೊಸದೇನಲ್ಲ. ಬೆಂಗಳೂರಿನ ಕ್ರಿಪ್ಟೋಸ್ ತಂಡ 1998ರಲ್ಲಿ ಹುಟ್ಟಿ, 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದ ವೇದಿಕೆ ಏರಿತು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಅಲ್ಲೇ ಮೆಟಾಲಿಕಾ ನುಡಿಸಿ ಹೋದ ಮೇಲೆ ಈ ಸಂಗೀತದ ಹುಚ್ಚು ರಾಜಧಾನಿಯಲ್ಲಷ್ಟೇ ಉಳಿಯಲಿಲ್ಲ. ಈಗ ಮೊಬೈಲ್ ಇದ್ದರೆ ಸಾಕು, ಇಳಕಲ್ಲಿನ ಮಗ್ಗದ ಓಣಿಯಲ್ಲಿ ಕೂತವನಿಗೂ ಹುನಗುಂದದ ಕಾಲೇಜು ಹುಡುಗಿಗೂ ಅದೇ ಹಾಡು ಸಿಗುತ್ತದೆ. ಗಿಟಾರ್ ಕಲಿಯುವುದು ಅವರವರ ಇಷ್ಟ. ತಕರಾರು ಇರುವುದು ಮುಂದಿನ ಹೆಜ್ಜೆಯ ಬಗ್ಗೆ: ವೇದಿಕೆಯ ಮೇಲೆ ಕಂಡ ನೂರು ವಾಟ್‌ನ ವಾಲ್ವ್ ಆಂಪ್ ತನಗೂ ಬೇಕು ಎಂಬ ಹಟ.

ಆ ಹಟಕ್ಕೆ ಕಾರಣ ತಿಳಿಯಬೇಕಾದರೆ ಪೆಟ್ಟಿಗೆಯ ಒಳಗೆ ಸ್ವಲ್ಪ ಇಣುಕಬೇಕು. ಗಿಟಾರಿನಿಂದ ಬರುವ ವಿದ್ಯುತ್ ಸಂಕೇತ ಬಹಳ ಕ್ಷೀಣ. ಅದನ್ನು ಹಿಗ್ಗಿಸುವುದು ಇಸಿಸಿ83 ಎಂಬ ಹೆಬ್ಬೆರಳು ಗಾತ್ರದ ಗಾಜಿನ ವಾಲ್ವ್. ಅಮೆರಿಕದವರು ಇದನ್ನೇ 12ಎಎಕ್ಸ್7 ಎನ್ನುತ್ತಾರೆ. ಒಂದು ಬುರುಡೆಯಲ್ಲಿ, ಸಂಕೇತ ಹಿಗ್ಗಿಸುವ ಎರಡು ಟ್ರಯೋಡ್‌ಗಳು. ಒಂದು ಹಿಗ್ಗಿಸಿದ್ದನ್ನು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ದಾಟಿಸುತ್ತ ಹೋದರೆ ಮೂರನೆಯ, ನಾಲ್ಕನೆಯ ಹಂತದಲ್ಲಿ ವಾಲ್ವಿನ ಶಕ್ತಿ ಮುಗಿಯುತ್ತದೆ. ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗಿ, ಮೂಲ ಸ್ವರದ ಜತೆಗೆ ಅದರ ಮೇಲಿನ ಹತ್ತಾರು ಸ್ವರಗಳು ಎದ್ದು ನಿಲ್ಲುತ್ತವೆ. ಮೀಟಿದ ತಂತಿ ಬೇಗ ಸಾಯದೆ ಗುಡುಗುತ್ತಲೇ ಇರುತ್ತದೆ. ಇಂಥ ಹಂತಗಳನ್ನು ಒಂದರ ಹಿಂದೊಂದು ಪೋಣಿಸಿದ ಪೆಟ್ಟಿಗೆಯೇ ಹೈ-ಗೇನ್ ಆಂಪ್. ಮೆಟಾಲಿಕಾದ 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಆಲ್ಬಮ್ಮಿನಲ್ಲಿ ಕೇಳುವ ಮೆಸಾ ಬೂಗಿಯ ಮಾರ್ಕ್ 2ಸಿ ಪ್ಲಸ್, 1987ರ ಸೊಲ್ಡಾನೊ, 1992ರಲ್ಲಿ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್‌ಗಾಗಿ ಪೀವಿ ಕಂಪನಿ ತಂದ 5150 ಎಲ್ಲ ಈ ಜಾತಿಯವು. ಪೀವಿಯ ಆ ಪೆಟ್ಟಿಗೆಯಲ್ಲಿ ಐದು ಪುಟ್ಟ ವಾಲ್ವ್‌ಗಳಿದ್ದವು, ಅವುಗಳ ಹಿಂದೆ ನಾಲ್ಕು ದೊಡ್ಡ 6ಎಲ್6ಗಳು. ಒಟ್ಟು 120 ವಾಟ್.

ಗುಟ್ಟು ಇರುವುದು ಇಲ್ಲೇ. ಮೆಟಲ್ ಸಂಗೀತಕ್ಕೆ ಬೇಕಾದ ಒಡಕಿನ ಬಹುಪಾಲು ಹುಟ್ಟುವುದು ಮುಂದಿನ ಪುಟ್ಟ ವಾಲ್ವ್‌ಗಳಲ್ಲಿ. ಹಿಂದಿನ ದೊಡ್ಡವು ಅದನ್ನು ಸ್ಪೀಕರಿಗೆ ತಳ್ಳುವ ಕೂಲಿಗಳು. ಎಪ್ಪತ್ತರ ದಶಕದ ರಾಕ್ ವಾದಕರ ಪಾಡು ಬೇರೆ ಇತ್ತು. ಅವರ ಆಂಪ್‌ಗಳಲ್ಲಿ ಗೇನ್, ಅಂದರೆ ಹಿಗ್ಗಿಸುವ ಬಲ, ಕಡಿಮೆ. ದೊಡ್ಡ ವಾಲ್ವ್‌ಗಳನ್ನು ಉಸಿರುಗಟ್ಟಿಸಿದರೆ ಮಾತ್ರ ದನಿ ಒಡೆಯುತ್ತಿತ್ತು, ಹಾಗಾಗಿ ಊರೇ ಎದ್ದು ಕೂರುವಷ್ಟು ಸದ್ದು ಮಾಡಲೇಬೇಕಿತ್ತು. ಹೈ-ಗೇನ್ ಆಂಪ್‌ಗೆ ಆ ಕಷ್ಟವಿಲ್ಲ. ಕಷ್ಟ ತಪ್ಪಿದ ಮೇಲೂ ನೂರು ವಾಟ್ ಹೊರುವುದು ಬರೀ ರೂಢಿ.

ವಾಟ್‌ನ ಲೆಕ್ಕವೂ ಜನ ತಿಳಿದಂತಿಲ್ಲ. 50 ವಾಟ್‌ನದ್ದು 100 ಆದರೆ ಸದ್ದು ಇಮ್ಮಡಿಯಾಗುವುದಿಲ್ಲ, ಏರುವುದು ಬರೇ 3 ಡೆಸಿಬೆಲ್. ಕಿವಿಗೆ ಇಮ್ಮಡಿ ಎನಿಸಬೇಕಾದರೆ ವಾಟ್ ಹತ್ತು ಪಟ್ಟಾಗಬೇಕು. ಮೆಟಲ್ ವಾದಕರ ಮೆಚ್ಚಿನ ಸೆಲೆಷನ್ ವಿಂಟೇಜ್ 30 ಎಂಬ 12 ಇಂಚಿನ ಸ್ಪೀಕರಿಗೆ ಒಂದೇ ಒಂದು ವಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ ಸುಮಾರು 100 ಡೆಸಿಬೆಲ್ ಸದ್ದು. ಹದಿನೈದು ವಾಟ್ ಕೊಟ್ಟರೆ 112ರ ಹತ್ತಿರ. ಇತ್ತ 2000ದ ಶಬ್ದಮಾಲಿನ್ಯ ನಿಯಮ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿದೆ. ಬಾಗಲಕೋಟೆಯ ನವನಗರದ ಸೆಕ್ಟರ್ ಮನೆಗಳ ನಡುವೆ ಗೋಡೆಗೆ ಗೋಡೆ. ಅಂಥಲ್ಲಿ ನೂರು ವಾಟ್‌ನ ಆಂಪ್ ತಂದವನು ಅದರ ವಾಲ್ಯೂಮನ್ನು ಒಂದರಿಂದ ಎರಡಕ್ಕೆ ಏರಿಸುವ ದಿನ ಪಕ್ಕದ ಮನೆಯ ಕಾಕಾ ಬಾಗಿಲು ಬಡಿಯುತ್ತಾರೆ. ಬಡಿಯಲೇಬೇಕು.

ನೂರು ವಾಟ್‌ನ ಪರ ಒಂದು ನ್ಯಾಯವಾದ ಮಾತಿದೆ. ತಂತಿಗಳನ್ನು ಸಡಿಲಿಸಿ ತಗ್ಗಿನ ಸ್ವರದಲ್ಲಿ ನುಡಿಸುವಾಗ, ಅಂಗೈ ಒತ್ತಿ ಹೊಡೆದ ಪೆಟ್ಟು ಬಿಗಿಯಾಗಿ ಕೇಳಬೇಕಾದರೆ ಹಿಂದಿನ ವಾಲ್ವ್‌ಗಳಿಗೆ ದಮ್ಮು ಬೇಕು. ಸಣ್ಣ ಆಂಪ್ ಆ ಜಾಗದಲ್ಲಿ ಏದುತ್ತದೆ. ನಿಜ. ಆದರೆ ಇದಕ್ಕೆ ವಾದಕರೇ ಕಂಡುಕೊಂಡ ಅಗ್ಗದ ಮದ್ದೂ ಇದೆ. ಕಾಲಿನಿಂದ ಒತ್ತಿ ಚಾಲೂ ಮಾಡುವ ಟ್ಯೂಬ್ ಸ್ಕ್ರೀಮರ್ ಮಾದರಿಯ ಪೆಡಲನ್ನು ಆಂಪ್‌ನ ಮುಂದಿಟ್ಟು, ಅದರ ಡ್ರೈವ್ ಗುಂಡಿಯನ್ನು ಸೊನ್ನೆಗಿಳಿಸಿ, ಲೆವೆಲ್ ಏರಿಸಿದರೆ ಮಂದ್ರದ ಕೊಬ್ಬು ಕರಗಿ ದನಿ ಬಿಗಿಯಾಗುತ್ತದೆ. ಇನ್ನು ದೊಡ್ಡ ಮೈದಾನದ ಮಾತು. ಅಲ್ಲಿ ಕೊನೆಯ ಸಾಲಿಗೆ ಸದ್ದು ಮುಟ್ಟಿಸುವುದು ಗಿಟಾರಿನ ಪೆಟ್ಟಿಗೆಯಲ್ಲ. ಅದರ ಮುಂದಿಟ್ಟ ಮೈಕು ಮತ್ತು ವೇದಿಕೆಯ ಇಕ್ಕೆಲದಲ್ಲಿ ತೂಗುಬಿಟ್ಟ ಪಿ.ಎ. ಸ್ಪೀಕರುಗಳು. ಹಿಂದೆ ಗೋಡೆಯಂತೆ ಪೇರಿಸಿದ ಪೆಟ್ಟಿಗೆಗಳು ಬಹುಮಟ್ಟಿಗೆ ಕಣ್ಣಿಗೆ ಹಬ್ಬ.

ಈ ಸೀಮೆಯಲ್ಲಿ ಆಂಪ್ ಕೊಳ್ಳುವವರು ಗೇನ್‌ಗಿಂತ ಮೊದಲು ನೋಡಬೇಕಾದದ್ದು ಕರೆಂಟನ್ನು. ವಾಲ್ವಿನ ಒಳಗಿನ ಹೀಟರ್ ತಂತಿ 6.3 ವೋಲ್ಟಿಗೆಂದು ಮಾಡಿದ್ದು; ಶೇಕಡ ಹತ್ತರಷ್ಟು ಆಚೀಚೆಯಾದರೆ ತಡೆದುಕೊಳ್ಳುತ್ತದೆ. ಗೋಡೆಯಲ್ಲಿ 230 ಇರಬೇಕಾದ ವೋಲ್ಟೇಜು ಬೇಸಿಗೆಯ ಸಂಜೆ 170ಕ್ಕೆ ಕುಸಿದರೆ ಹೀಟರಿಗೆ ಸಿಗುವುದು 4.7 ಮಾತ್ರ. ದನಿ ಸೊರಗುತ್ತದೆ, ವಾಲ್ವಿನ ಆಯುಷ್ಯವೂ ಇಳಿಯುತ್ತದೆ. ಪಂಪ್‌ಸೆಟ್‌ಗಳು ಒಮ್ಮೆಗೇ ನಿಂತು 260ಕ್ಕೆ ನೆಗೆದರೆ 7ರ ಮೇಲೆ. ಹಾಗಾಗಿ ಒಳ್ಳೆಯ ಸ್ಟೆಬಿಲೈಜರ್ ಇಲ್ಲದೆ ವಾಲ್ವ್ ಆಂಪ್ ಮನೆಗೆ ತರುವುದು ಹಣ ಸುಟ್ಟಂತೆ. ಚೌಕ ಅಲೆಯ ಅಗ್ಗದ ಇನ್ವರ್ಟರಿಗೆ ಜೋಡಿಸಿದರೆ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡತೊಡಗುತ್ತದೆ. ಇನ್ನೂ ಒಂದು ಅಪಾಯ: ಸ್ಪೀಕರ್ ತಂತಿ ಸಿಕ್ಕಿಸದೆ ಆಂಪ್ ಚಾಲೂ ಮಾಡಿ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಇಡೀ ಪೆಟ್ಟಿಗೆಯಲ್ಲಿ ಅತಿ ದುಬಾರಿಯ ಭಾಗಗಳಲ್ಲಿ ಅದೂ ಒಂದು.

ರಿಪೇರಿಯ ವಿಷಯ ಇನ್ನೂ ಕಷ್ಟದ್ದು. ಒಂದು ಕಾಲಕ್ಕೆ ಈ ನಾಡಿಗೆ ವಾಲ್ವು ಪರದೇಶಿ ವಸ್ತುವಾಗಿರಲಿಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಸಂಸ್ಥೆ 1961ರಿಂದ ರೇಡಿಯೊ ವಾಲ್ವ್‌ಗಳನ್ನು ತಯಾರಿಸಿತು. ಇಂದು ಗಿಟಾರ್ ಆಂಪ್‌ಗಳಲ್ಲಿ ಬಳಸುವ ಇಸಿಸಿ83, ಇಎಲ್84 ಎರಡೂ ಬಿಇಎಲ್ ಮುದ್ರೆ ಹೊತ್ತು ಜಾಲಹಳ್ಳಿಯಿಂದ ಹೊರಬಿದ್ದಿವೆ. ಊರೂರಿನ ರೇಡಿಯೊ ರಿಪೇರಿ ಅಂಗಡಿಯವರಿಗೆ ಅವುಗಳ ಕಾಲುಗಳ ಲೆಕ್ಕ ಬಾಯಿಪಾಠ. ಟ್ರಾನ್ಸಿಸ್ಟರ್ ಬಂತು, ಆ ವಾಲ್ವ್‌ಗಳ ತಯಾರಿಕೆ ನಿಂತಿತು, ಕೈಗಳೂ ಮರೆತವು. ಉಳಿದ ಹಳೆಯ ಬಿಇಎಲ್ ವಾಲ್ವ್‌ಗಳನ್ನು ಪರದೇಶದ ಹವ್ಯಾಸಿಗಳು ಹುಡುಕಿ ಕೊಳ್ಳುತ್ತಾರೆ. ನಮ್ಮಲ್ಲಿ ಎಷ್ಟೋ ಗುಜರಿಗೆ ಹೋದವು.

ಈಗ ಜಗತ್ತಿಗೆ ವಾಲ್ವ್ ಪೂರೈಸುವ ದೊಡ್ಡ ಕಾರ್ಖಾನೆಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ರಷ್ಯಾದ ಸರಾತೋವ್‌ನಲ್ಲಿ ಒಂದು, ಸ್ಲೊವಾಕಿಯಾದಲ್ಲಿ ಜೆಜೆ, ಮಿಕ್ಕವು ಚೀನಾದವು. 2022ರ ಮಾರ್ಚ್‌ನಲ್ಲಿ ಯುಕ್ರೇನ್ ಯುದ್ಧದ ಬೆನ್ನಿಗೇ ರಷ್ಯಾ ರಫ್ತು ತಡೆದಾಗ ಸರಾತೋವ್‌ನ ವಾಲ್ವ್‌ಗಳೂ ಸಿಕ್ಕಿಬಿದ್ದು ಎಲ್ಲೆಡೆ ಬೆಲೆ ಏರಿತು. ದಿನವೂ ಜೋರಾಗಿ ದುಡಿಸಿದರೆ ದೊಡ್ಡ ವಾಲ್ವ್‌ಗಳು ಒಂದೆರಡು ವರ್ಷಕ್ಕೆ ಸೋಲುತ್ತವೆ. ಆಗ ನೂರು ವಾಟ್‌ನ ಆಂಪ್‌ಗೆ ಬೇಕಾಗುವುದು ಹೊಂದಾಣಿಕೆಯ ನಾಲ್ಕು, ಹಾಕಿದ ಮೇಲೆ ಬಯಾಸ್, ಅಂದರೆ ವಾಲ್ವಿನಲ್ಲಿ ಸುಮ್ಮನಿದ್ದಾಗ ಹರಿಯುವ ಕರೆಂಟಿನ ಮಟ್ಟ, ಕೂಡಿಸಲು ಬಲ್ಲವರು. ಬಾಗಲಕೋಟೆಯಿಂದ ಅಂಥವರನ್ನು ಹುಡುಕಿ ಬೆಂಗಳೂರಿಗೆ ಹೊರಡಬೇಕು. ನಾಲ್ಕು ಸ್ಪೀಕರಿನ ಕ್ಯಾಬಿನೆಟ್ಟೇ 35 ಕಿಲೊ ಮೀರುತ್ತದೆ. ಆಂಪ್ ಇರುವ ತಲೆಪೆಟ್ಟಿಗೆ 20ರ ಆಸುಪಾಸು. ವಾಯವ್ಯ ಸಾರಿಗೆಯ ಬಸ್ಸಿನಲ್ಲಿ ಅದಕ್ಕೊಂದು ಲಗೇಜ್ ಟಿಕೆಟ್ ಹರಿಸಿಯೇ ಕೂರಬೇಕು.

ಆಂಪ್ ಬಲ್ಲವರು ಹತ್ತಿರವಿರಬೇಕು ಎಂಬುದನ್ನೇ ಈ ಸಂಗೀತದ ಮೂಲಪುರುಷರ ಕತೆಯೂ ಹೇಳುತ್ತದೆ. ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿ, 1970ರಲ್ಲಿ ಬ್ಲ್ಯಾಕ್ ಸಬತ್ ತಂಡದ ಮೊದಲ ಆಲ್ಬಮ್ ತಂದರು. ಅವರು ಆತುಕೊಂಡದ್ದು ಲಂಡನ್ನಿನ ಹೆಸರುವಾಸಿ ಮಾರ್ಷಲ್ ಅಲ್ಲ, ತಮ್ಮದೇ ಊರಿನ ಲಿಂಡನ್ ಲೇನಿ ಕಟ್ಟತೊಡಗಿದ್ದ ಆಂಪ್. ಮಾಡಿದವನ ಬಾಗಿಲು ನಡೆದುಹೋಗುವಷ್ಟು ಹತ್ತಿರ ಇರುವುದು ವಾದಕನಿಗೆ ದೊಡ್ಡ ಬಲ.

ಹಾಗಾದರೆ ಏನು ಕೊಳ್ಳಬೇಕು? ಹೊಸದಾಗಿ ಕಲಿಯುವವರಿಗೆ ವಾಲ್ವೇ ಬೇಡ. ಸಾಧಾರಣ ಲ್ಯಾಪ್‌ಟಾಪ್, ಗಿಟಾರ್ ಸಿಕ್ಕಿಸುವ ಪುಟ್ಟ ಆಡಿಯೊ ಇಂಟರ್‌ಫೇಸ್, ಹೆಡ್‌ಫೋನ್ ಇಷ್ಟಿದ್ದರೆ ಸಾಕು, ನ್ಯೂರಲ್ ಆಂಪ್ ಮಾಡೆಲರ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಅದು ನಿಜವಾದ ಆಂಪ್‌ಗಳ ದನಿಯನ್ನು ಕಲಿತು ಒಪ್ಪಿಸುವ ರೀತಿ ಬೆರಗು ಹುಟ್ಟಿಸುವಂಥದ್ದು. ವಾಲ್ವ್ ಭಕ್ತರು ಮೂಗು ಮುರಿಯಲಿ. 2013ರ ಡಿಸೆಂಬರ್ 8ರಂದು ಮೆಟಾಲಿಕಾ ಅಂಟಾರ್ಕ್ಟಿಕಾದಲ್ಲಿ ನುಡಿಸಿದಾಗ ಅಲ್ಲಿನ ಪರಿಸರಕ್ಕೆ ಧಕ್ಕೆಯಾಗದಿರಲೆಂದು ವೇದಿಕೆಯಲ್ಲಿ ಗುಡುಗುವ ಪೆಟ್ಟಿಗೆಗಳೇ ಇರಲಿಲ್ಲ. ಕೇಳುಗರು ಹೆಡ್‌ಫೋನಿನಲ್ಲಿ ಕೇಳಿದರು. ಆ ತಂಡಕ್ಕೆ ಸಾಕಾದದ್ದು ಬಾಗಲಕೋಟೆ ವಿದ್ಯಾಗಿರಿಯ ಪಿ.ಜಿ. ಕೋಣೆಗೂ ಸಾಕು.

ತಂಡ ಕಟ್ಟಿ, ಡ್ರಮ್ಮಿನ ಪಕ್ಕ ನಿಂತು ನುಡಿಸುವ ಹಂತಕ್ಕೆ ಬಂದವರ ಮಾತು ಬೇರೆ. ಬೆರಳಿನ ಒತ್ತಡಕ್ಕೆ ತಕ್ಕಂತೆ ದನಿ ಬಾಗುವ, ಕಾಲಿನ ಹತ್ತಿರ ಗಾಳಿ ಅದುರುವ ಸುಖ ವಾಲ್ವ್ ಆಂಪ್‌ನಲ್ಲಿದೆ, ಅದನ್ನು ಅಲ್ಲಗಳೆಯಲಾಗದು. ಅಂಥವರಿಗೆ 15ರಿಂದ 20 ವಾಟ್‌ನ ತಲೆಪೆಟ್ಟಿಗೆ ಸಾಕು: ಇವಿಎಚ್ 5150 ಸಾಲಿನ 15 ವಾಟ್‌ನದ್ದು, ಪೀವಿ 6505ರ 20 ವಾಟ್‌ನದ್ದು, ಇಲ್ಲವೇ ಇಎಲ್34 ವಾಲ್ವ್ ಬಳಸುವ ಮಾರ್ಷಲ್ ಡಿಎಸ್‌ಎಲ್20. ಮೊದಲೆರಡರ ಹಿಂಭಾಗದಲ್ಲಿ ಇರುವುದು ಬಿಇಎಲ್ ಮಾಡುತ್ತಿದ್ದ ಅದೇ ಇಎಲ್84 ಜಾತಿಯ ಜೋಡಿ. ಉಳಿಸಿದ ದುಡ್ಡನ್ನು ಸ್ಪೀಕರಿಗೆ ಹಾಕಲಿ. ಹಿಂಬದಿ ಮುಚ್ಚಿದ ಕ್ಯಾಬಿನೆಟ್ಟಿನಲ್ಲಿ 12 ಇಂಚಿನ ಒಂದೋ ಎರಡೋ ಒಳ್ಳೆಯ ಸ್ಪೀಕರು ದನಿಯನ್ನು ಬದಲಿಸುವಷ್ಟು ವಾಲ್ವಿನ ಬ್ರಾಂಡು ಬದಲಿಸದು. ಮಧ್ಯದ ಸ್ವರಗಳ ಗುಂಡಿಯನ್ನು ಸೊನ್ನೆಗಿಳಿಸುವ ಚಟವೂ ಬಿಡಬೇಕು. ಕೋಣೆಯಲ್ಲಿ ಒಬ್ಬರೇ ಕೂತಾಗ ಅದು ಭಯಂಕರವಾಗಿ ಕೇಳುತ್ತದೆ, ಡ್ರಮ್ಮು ಬಾಸ್ ಕೂಡಿದ ಕೂಡಲೇ ಗಿಟಾರು ಮಾಯ.

ರಿಪೇರಿಯವರ ಕೊರತೆಗೂ ದಾರಿ ಇದೆ. 1963ರಿಂದ ಇರುವ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಂಥ ಸಂಸ್ಥೆ ಇದೇ ಬಾಗಲಕೋಟೆಯಲ್ಲಿದೆ. ಎಲೆಕ್ಟ್ರಾನಿಕ್ಸ್ ಓದುವ ಹುಡುಗರಿಗೆ ವಾಲ್ವಿನ ಒಂದು ಸಣ್ಣ ಪ್ರಯೋಗ ಮೇಜನ್ನು ಹಾಕಿಕೊಟ್ಟರೆ ಆಂಪ್ ಕಟ್ಟುವವರೂ ರಿಪೇರಿಯವರೂ ಇಲ್ಲೇ ಹುಟ್ಟುತ್ತಾರೆ. ಮೇಷ್ಟರ ಕಣ್ಗಾವಲು ಮಾತ್ರ ಬೇಕೇ ಬೇಕು. ಒಳಗೆ 300, 400 ವೋಲ್ಟ್ ಹರಿಯುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು.

ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಿ ಸೆಕೆಂಡ್ ಹ್ಯಾಂಡ್ ಆಂಪ್ ತರುವವರು ಐದು ನಿಮಿಷ ಕೇಳಿ ಮುಂಗಡ ಕೊಡಬಾರದು. ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ನುಡಿಸಿ ನೋಡಬೇಕು. ಹಿಂದೆ ಬರೆದಿರುವುದು ಅಮೆರಿಕದ 120 ವೋಲ್ಟೋ ನಮ್ಮ 230ಓ ಓದಿಕೊಳ್ಳಬೇಕು. ದೊಡ್ಡ ವಾಲ್ವಿನ ಒಳಗಿನ ತಗಡು ಕೆಂಪಗೆ ಕಾದಿದ್ದರೆ ತಕ್ಷಣ ಸ್ವಿಚ್ ಆರಿಸಿ, ಮಾರುವವನು ಎಷ್ಟೇ ಬೆಲೆ ಇಳಿಸಿದರೂ ಅದನ್ನು ಅಲ್ಲೇ ಬಿಟ್ಟು ಬರಬೇಕು.